ಹದಿನೈದು ದಿನದ ಕೆಲಸಕ್ಕೆ ಐದೂವರೆ ತಿಂಗಳು: ನಮ್ಮ ಜೀಪಿನ ಶೋ ರಿಪೇರಿಯ ಕಥೆ

ನಮ್ಮದು ಮಹೀಂದ್ರ ಎಂಎಂ 540 ಜೀಪು. ಅಪ್ಪ 1994ರಲ್ಲಿ ಕೊಂಡದ್ದು. ಪ್ಯೂಜೊ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್, ಕಡುಹಸಿರು ಬಣ್ಣ. ಮೂಡಿಗೆರೆ ಕಡೆಯ ತೋಟಗಳಲ್ಲಿ ಇಂಥ ಜೀಪು ಇನ್ನೂ ಎಷ್ಟೋ ಇವೆ. ಗೊಬ್ಬರದ ಮೂಟೆ, ಕಾಫಿ ಚೀಲ, ಕೆಲಸದವರು, ಮದುವೆಗೆ ಹೊರಟ ನೆಂಟರು, ಎಲ್ಲರನ್ನೂ ಅದು ಹೊತ್ತಿದೆ. 2024ರಲ್ಲಿ ನೋಂದಣಿ ನವೀಕರಣಕ್ಕೆ ಒಯ್ದಾಗ, ತಪಾಸಣೆ ಮಾಡಿದ ಅಧಿಕಾರಿ ಮುಂಭಾಗದ ಕೆಳ ಅಂಚನ್ನು ಬೆರಳಿನಿಂದ ತಟ್ಟಿದರು. ತುಕ್ಕಿನ ಚಕ್ಕೆಯೊಂದು ಉದುರಿ ಅವರ ಬೂಟಿನ ಮೇಲೆ ಬಿತ್ತು. ಅವರು ನಕ್ಕು ಸಹಿ ಹಾಕಿದರು. ನನಗೆ ನಾಚಿಕೆಯಾಯಿತು.

ಆ ಮುಂಭಾಗಕ್ಕೆ ಗ್ರಿಲ್ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ‘ಶೋ’ ಎನ್ನುತ್ತಾರೆ. ಬಿಡಿಭಾಗದ ಅಂಗಡಿಗೆ ಹೋಗಿ ಗ್ರಿಲ್ ಎಂದರೆ ಅಂಗಡಿಯವನು ಮೂರು ಪ್ರಶ್ನೆ ಕೇಳುತ್ತಾನೆ, ಜೀಪಿನ ಶೋ ಎಂದರೆ ಸೀದಾ ಒಳಗೆ ಹೋಗಿ ತರುತ್ತಾನೆ. ಈಗಿನ ಗಾಡಿಗಳಲ್ಲಿ ಅದು ಕ್ಲಿಪ್ಪು ಎಳೆದರೆ ಕೈಗೆ ಬರುವ ಪ್ಲಾಸ್ಟಿಕ್ಕು. ಹಳೆಯ ಜೀಪಿನಲ್ಲಿ ಹಾಗಲ್ಲ, ಇಡೀ ಮೂತಿಯೇ ಒಂದು ತಗಡು. ಹೆಡ್‌ಲೈಟು ಅದರಲ್ಲೇ ಕೂರುತ್ತದೆ, ರೇಡಿಯೇಟರ್ ಅದಕ್ಕೇ ಬೋಲ್ಟಾಗಿರುತ್ತದೆ, ಎರಡೂ ಪಕ್ಕದ ಮಡ್‌ಗಾರ್ಡುಗಳೂ ಅದನ್ನೇ ಹಿಡಿದುಕೊಂಡಿರುತ್ತವೆ. ಶೋಗೆ ಬಣ್ಣ ಹೊಡೆಸುವುದು ಎಂದರೆ ಜೀಪಿನ ಮುಖವನ್ನೇ ಕಿತ್ತಿಡುವುದು ಎಂಬುದು ಕೈ ಹಾಕುವವರೆಗೆ ನನಗೆ ಹೊಳೆದಿರಲಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಹೊಸ ತಗಡಿನ ಶೋಗೆ 5,500 ರೂಪಾಯಿ ಹೇಳಿದರು. ಹುಬ್ಬು ಗಂಟಿಕ್ಕಿದಂತೆ ಕಾಣುವ ಫೈಬರ್ ಶೋಗಳೂ ಇದ್ದವು. ಅಪ್ಪನ ಜೀಪಿಗೆ ಕೋಪದ ಮುಖ ನನಗೆ ಬೇಡವಾಗಿತ್ತು. ಹೊಸ ತಗಡನ್ನು ಉಗುರಿನಿಂದ ತಟ್ಟಿದರೆ ಡಬ್ಬದ ಸದ್ದು ಬಂತು. ಹಳೆಯದನ್ನೇ ಸರಿಪಡಿಸೋಣ, ಜೊತೆಗೆ ದೀಪ, ಜಾಲರಿ, ರಬ್ಬರುಗಳನ್ನೂ ಹೊಸದು ಮಾಡಿಬಿಡೋಣ, ಹದಿನೈದು ದಿನ ಸಾಕು ಎಂದು ಲೆಕ್ಕ ಹಾಕಿದೆ.

2025ರ ಮೇ 18, ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದೆ. ಈ ಜೀಪಿನ ಬಾನೆಟ್ಟಿಗೆ ಹಿಂಜು ಇರುವುದು ಗಾಜಿನ ಕಡೆ. ಹಿಂದಕ್ಕೆ ಮಗುಚಿ ಒರಗಿಸಿದರೆ ಸಾಕು, ಬಿಚ್ಚಬೇಕಾಗಿಲ್ಲ. ಕೂಲೆಂಟ್ ಇಳಿಸಿ, ಹೋಸ್ ಕಳಚಿ, ರೇಡಿಯೇಟರನ್ನು ಹಿಡಿದಿದ್ದ ಬೋಲ್ಟುಗಳನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಮಡ್‌ಗಾರ್ಡಿನ ಬೋಲ್ಟುಗಳು ಮೂವತ್ತು ವರ್ಷದಿಂದ ಅಲ್ಲಾಡಿರಲಿಲ್ಲ. ಒಂದು ತುಂಡಾಯಿತು. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟಿದ್ದರೆ ಅದು ಉಳಿಯುತ್ತಿತ್ತು. ನೀವು ಮರೆಯಬೇಡಿ. ನಾನು ಮಾಡಿದ ಇನ್ನೊಂದು ದಡ್ಡತನ, ವೈರುಗಳಿಗೆ ಚೀಟಿ ಅಂಟಿಸದೇ ಕಿತ್ತದ್ದು. ಬಣ್ಣ ನೋಡಿ ನೆನಪಿಟ್ಟುಕೊಳ್ಳುತ್ತೇನೆ ಎಂದುಕೊಂಡೆ, ಆದರೆ ಮೂವತ್ತು ವರ್ಷದ ಧೂಳಿನಲ್ಲಿ ಎಲ್ಲ ವೈರಿಗೂ ಒಂದೇ ಬಣ್ಣ ಬಂದಿತ್ತು. ಬಲಗಡೆಯ ದೀಪದ ಬಟ್ಟಲಿನ ಹಿಂದೆ ಕಣಜವೊಂದು ಕಟ್ಟಿದ್ದ ಮಣ್ಣಿನ ಗೂಡು ಸಿಕ್ಕಿತು, ಮುಷ್ಟಿಯಷ್ಟು ದೊಡ್ಡದು.

ಶೋ ಹೊರಬಂದ ಮೇಲೆ ಅಮ್ಮ ಕಾಫಿ ಹಿಡಿದು ಬಂದು ಜೀಪನ್ನು ನೋಡಿದರು. “ಹಲ್ಲು ಸೆಟ್ಟು ತೆಗೆದಿಟ್ಟ ನಿನ್ನ ತಾತನ ಹಾಗೇ ಕಾಣುತ್ತಿದೆಯಲ್ಲೋ,” ಎಂದರು.

ನನ್ನ ತಲೆಯಲ್ಲಿದ್ದದ್ದು ಪೌಡರ್ ಕೋಟಿಂಗ್. ಗೇಟು, ಕುರ್ಚಿಗಳಿಗೆ ಮಾಡುತ್ತಾರಲ್ಲ, ಪುಡಿ ಸಿಂಪಡಿಸಿ ಒಲೆಯಲ್ಲಿ ಬೇಯಿಸುವುದು, ಅದೇ. ಗಟ್ಟಿ ಎಂದು ಕೇಳಿದ್ದೆ. ಹಾಸನದಲ್ಲಿ ಮರಳು ಹೊಡೆದು ಹಳೆ ಬಣ್ಣ ತೆಗೆಯುವವರೂ ಪೌಡರ್ ಕೋಟಿಂಗಿನವರೂ ಒಂದೇ ಕಡೆ ಇದ್ದಾರೆಂದು ಗೊತ್ತಾಯಿತು. ಒಯ್ಯಲು ಜೀಪು ಬೇಕು, ಜೀಪಿನ ಮೂತಿ ನನ್ನ ಕೈಯಲ್ಲಿದೆ. ಬಸ್ಸಿಗೇ ಹತ್ತಿಸಿದೆ. ಕಂಡಕ್ಟರ್ ಎರಡು ದೊಡ್ಡ ತೂತು, ಸಾಲು ಸೀಳುಗಳಿರುವ ಆ ತಗಡನ್ನು ಮೇಲಿಂದ ಕೆಳಗೆ ನೋಡಿ, “ಇದು ಯಾವ ದೇವರ ಪ್ರಭಾವಳಿ ಸ್ವಾಮಿ?” ಎಂದು ಕೇಳಿದರು. ಲಗೇಜ್ ಟಿಕೆಟ್ ಹರಿದರು. ಬೇಲೂರು ದಾಟುವವರೆಗೆ ಹಿಂದಿನ ಸೀಟಿನ ಮಗು ಆ ತೂತುಗಳಲ್ಲಿ ಇಣುಕಿ ಆಡುತ್ತಲೇ ಇತ್ತು.

ಎರಡು ದಿನ ಬಿಟ್ಟು ಹಾಸನದಿಂದ ಕರೆ ಬಂತು. “ಬಣ್ಣ ಹೋಯಿತು ಸಾರ್. ಆದರೆ ನಿಮ್ಮ ಶೋ ಜರಡಿಯಾಗಿದೆ. ಒಮ್ಮೆ ಬಂದು ನೋಡಿಕೊಂಡು ಹೋಗಿ.”

ಹೋಗಿ ನೋಡಿದೆ. ಕೆಳ ಅಂಚಿನಲ್ಲಿ, ಚಾಸಿಯ ಮೇಲೆ ರಬ್ಬರಿನೊಂದಿಗೆ ಕೂರುವ ಜಾಗದಲ್ಲಿ, ಕೆಸರು ಸೇರಿ ಸೇರಿ ತಗಡು ಒಳಗಿನಿಂದಲೇ ತಿಂದುಹೋಗಿತ್ತು. ಹೊರಗಿನಿಂದ ನಯವಾಗಿ ಕಾಣುತ್ತಿದ್ದ ಎಡಗಡೆಯ ದೀಪದ ಸುತ್ತು ನಿಜವಾಗಿ ಅರ್ಧ ಬೆರಳು ದಪ್ಪದ ಪುಟ್ಟಿ. ಯಾವ ಕಾಲದಲ್ಲಿ ಯಾವ ಮರಕ್ಕೆ ಗುದ್ದಿದ್ದೋ, ಅಪ್ಪ ಯಾರಿಗೂ ಹೇಳದೆ ಮುಚ್ಚಿಸಿದ್ದಾರೆ. ತೀರಿಹೋಗಿ ಒಂಬತ್ತು ವರ್ಷವಾದ ಮೇಲೆ ಸಿಕ್ಕಿಬಿದ್ದರು.

ಪೌಡರ್ ಕೋಟಿಂಗಿನ ಕನಸು ಅಲ್ಲಿಗೆ ಮುಗಿಯಿತು. ಅವರ ಒಲೆಯ ಶಾಖ 180ರಿಂದ 200 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಬಾಡಿ ಪುಟ್ಟಿ ಆ ಶಾಖಕ್ಕೆ ತಾಳುವುದಿಲ್ಲ, ಉಬ್ಬಿ ಬಿಡುತ್ತದೆ. ಪುಟ್ಟಿಯೇ ಬೇಡದಷ್ಟು ಚೊಕ್ಕ ತಗಡಾದರೆ ಮಾತ್ರ ಪೌಡರ್ ಕೋಟಿಂಗ್, ಇಲ್ಲದಿದ್ದರೆ ಗನ್ನಿನ ಬಣ್ಣವೇ ಗತಿ. ಮರಳು ಹೊಡೆಸುವವರಿಗೂ ಒಂದು ಮಾತು: ತೆಳು ತಗಡಿಗೆ ಸಣ್ಣ ಕಣ, ಕಡಿಮೆ ಒತ್ತಡ ಎಂದು ಮೊದಲೇ ಹೇಳಿ. ಗೇಟಿಗೆ ಹೊಡೆದಂತೆ ಹೊಡೆದರೆ ತಗಡು ಹಪ್ಪಳದಂತೆ ಡೊಂಕಾಗುತ್ತದೆ. ನನ್ನದು ಡೊಂಕಾಗಲಿಲ್ಲ. ಅವರು ಕೆಲಸ ಬಲ್ಲವರು, 900 ರೂಪಾಯಿಗೆ ಚೆನ್ನಾಗಿ ಮಾಡಿಕೊಟ್ಟರು.

ಕೆಲಸ ಕೆಟ್ಟದ್ದು ನನ್ನಿಂದ. ಆ ಸಲ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತ್ತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅದೇ ವಾರ ಬೆಳ್ಳಿಯಂತೆ ಹೊಳೆಯುವ ಬರಿ ತಗಡನ್ನು ಗೋಣಿಯಲ್ಲಿ ಸುತ್ತಿ, ಮಳೆಯಲ್ಲಿ ಬಸ್ಸು ಹಿಡಿದು ಮನೆಗೆ ತಂದೆ. ನಾಳೆ ಪ್ರೈಮರ್ ಹೊಡೆಯೋಣ ಎಂದು ಕೊಟ್ಟಿಗೆಯಲ್ಲಿ ಒರಗಿಸಿದೆ. ಬೆಳಿಗ್ಗೆ ಗೋಣಿ ಬಿಚ್ಚಿದರೆ ಇಡೀ ಶೋ ಅರಿಶಿನ-ಕುಂಕುಮ ಬಳಿದಂತೆ ಕೆಂಪಾಗಿತ್ತು. ಮರಳು ಹೊಡೆದ ತಗಡಿನ ಮೇಲೆ ತೇವ ಕೂತರೆ ತುಕ್ಕು ಹಿಡಿಯಲು ಒಂದು ರಾತ್ರಿ ಧಾರಾಳ. ಗೋಣಿಯಂತೂ ತೇವವನ್ನು ಹಿಡಿದಿಟ್ಟು ಉಣಿಸುತ್ತದೆ. ಈ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ರೈಮರ್ ಹೊಡೆಯುವವನು ಗನ್ ಹಿಡಿದು ಸಿದ್ಧನಾಗಿ ನಿಂತಿರುವ ದಿನವೇ ಹಳೆ ಬಣ್ಣ ತೆಗೆಸಿ. ನಡುವೆ ಗಂಟೆಗಳ ಅಂತರ ಇರಬಹುದು, ದಿನಗಳದ್ದು ಬೇಡ.

ಮೂಡಿಗೆರೆಯ ಟಿಂಕರಿಂಗ್ ಮೇಸ್ತ್ರಿಯ ಬಳಿ ಒಯ್ದೆ. ಅವರು ಅಪ್ಪನ ಕಾಲದವರು. ತಗಡನ್ನು ಬೆಳಕಿಗೆ ಹಿಡಿದು ನೋಡಿ, “ಗೌಡರೇ, ಈ ಪುಟ್ಟಿ ನಾನೇ ಹಾಕಿದ್ದು,” ಎಂದರು. ಯಾವ ಮರ ಎಂದು ಕೇಳಿದೆ. “ಅದು ನನಗೂ ನಿಮ್ಮ ತಂದೆಯವರಿಗೂ ಬಿಟ್ಟದ್ದು,” ಎಂದು ನಕ್ಕರು. ಕೊಳೆತ ಭಾಗ ಕತ್ತರಿಸಿ, 18 ಗೇಜಿನ ಹೊಸ ತಗಡು ಸೇರಿಸಿ, ಗ್ಯಾಸ್ ವೆಲ್ಡಿಂಗಿನ ಬದಲು ಸಿಒಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದರು. ಒಂದು ಚುಕ್ಕೆ ಇಲ್ಲಿ, ಇನ್ನೊಂದು ದೂರದಲ್ಲಿ, ನಡುವೆ ಆರಲು ಬಿಡುವುದು. ಒಂದೇ ಕಡೆ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗಿ ಬಾನೆಟ್ ಕೂರುವುದಿಲ್ಲ. ಕೆಲಸ ಒಂದೂವರೆ ದಿನದ್ದು. ಅದಕ್ಕಾಗಿ ನಾನು ಕಾದದ್ದು ಹತ್ತೊಂಬತ್ತು ದಿನ. ಅವರ ‘ನಾಳೆ’ಗೂ ಪಂಚಾಂಗಕ್ಕೂ ಸಂಬಂಧವಿಲ್ಲ. ತುಕ್ಕನ್ನು ಉಜ್ಜಿ, ಆಮ್ಲದ ದ್ರಾವಣ ಹಚ್ಚಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಎಪಾಕ್ಸಿ ಪ್ರೈಮರ್ ಹೊಡೆದದ್ದು ಜೂನ್ ಕೊನೆಯಲ್ಲಿ. ಶೋ ಉಳಿಯಿತು. ಅಷ್ಟೇ, ಮುಂದಿನದಕ್ಕೆ ಪೇಂಟರ್ ಕೈ ಮುಗಿದರು. “ಈ ಮಳೆಯಲ್ಲಿ ಮೇಲಿನ ಬಣ್ಣ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ಹೊಳಪು ಬರುವುದಿಲ್ಲ. ಮಳೆ ನಿಲ್ಲಲಿ.”

ಅವರ ಮಾತು ಸರಿ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಣ್ಣ ಹಾಲು ಬೆರೆಸಿದಂತೆ ಮಸುಕಾಗುತ್ತದೆ. ಬೆಂಗಳೂರಿನಂತೆ ಬಿಸಿಗಾಳಿಯ ಬೂತ್ ಇದ್ದರೆ ಬೇರೆ ಮಾತು. ನಮ್ಮಲ್ಲಿ ಬೂತ್ ಎಂದರೆ ಟಾರ್ಪಾಲು. ಹಾಗಾಗಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳು ಜೀಪು ಕೊಟ್ಟಿಗೆಯಲ್ಲಿ ಫ್ಯಾನು ಬಿಟ್ಟುಕೊಂಡು ನಿಂತಿತು. ಗೊಬ್ಬರ ತರಲು, ಆಸ್ಪತ್ರೆಗೆ ಹೋಗಲು ಬಾಡಿಗೆ ಪಿಕಪ್ ಹಿಡಿದೆ. ಆರು ಸಲ, ಪ್ರತಿ ಸಲ 1,200 ರೂಪಾಯಿ. ಖರ್ಚಿನ ಅಂದಾಜು ಹಾಕುವಾಗ ಗಾಡಿ ಇಲ್ಲದ ದಿನಗಳನ್ನೂ ಸೇರಿಸಿಕೊಳ್ಳಿ, ನಾನು ಸೇರಿಸಿರಲಿಲ್ಲ.

ಆ ಬಿಡುವಿನಲ್ಲಿ ಬಣ್ಣದ ಚರ್ಚೆ ಮನೆಯಲ್ಲಿ ಜೋರಾಯಿತು. ಮಗನಿಗೆ ಹೊಳಪಿಲ್ಲದ ಕಪ್ಪು ಬೇಕು. ಅಮ್ಮನಿಗೆ ಇದ್ದದ್ದೇ ಇರಲಿ. ಇನ್ನು ಬಿಡಿಭಾಗದ ಅಂಗಡಿಯವನಿಗೆ ಶೋ ಮುಂದೆ ದಪ್ಪ ಕಬ್ಬಿಣದ ಗಾರ್ಡು, ಮೇಲೆ ಎಲ್‌ಇಡಿ ಪಟ್ಟಿ. ಗಾರ್ಡನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಕಾನೂನುಬಾಹಿರ ಎಂದಿದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 2024ರಲ್ಲಿ ರಾಜ್ಯದ ಪೊಲೀಸರು ಪ್ರಕರಣ ಹಾಕಲು ಶುರುಮಾಡಿದ್ದೂ ನೆನಪಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಮ್ಮ ನೋಂದಣಿ ಪತ್ರದಲ್ಲಿ ಬಣ್ಣ ಹಸಿರು ಎಂದಿದೆ. ಇಡೀ ಗಾಡಿಯ ಬಣ್ಣ ಬದಲಿಸುವವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಪಡೆಯಲೇಬೇಕು. ನಾನು ಆ ಗೊಡವೆಯೇ ಬೇಡವೆಂದು ಹಸಿರನ್ನೇ ಉಳಿಸಿದೆ. ಸೀಳುಗಳ ಒಳ ಅಂಚಿಗೆ ಮಾತ್ರ ಕಪ್ಪು, ಅದು ಮಗನ ಪಾಲು.

ಹಸಿರು ಎಂದರೆ ಯಾವ ಹಸಿರು? ಬಣ್ಣ ಬೆರೆಸುವ ಅಂಗಡಿಗೆ ಮೊದಲು ಬಿಸಿಲು ಕಾಣದ ಡ್ಯಾಶ್‌ಬೋರ್ಡಿನ ಡಬ್ಬಿ ಮುಚ್ಚಳ ಒಯ್ದೆ. ಬೆರೆಸಿ ಕೊಟ್ಟ ಬಣ್ಣವನ್ನು ಬಾನೆಟ್ ಪಕ್ಕ ಹಿಡಿದರೆ ಹೊಸ ಬಾಳೆಲೆಯ ಪಕ್ಕ ಒಣಗಿದ ಬಾಳೆಲೆ ಇಟ್ಟಂತೆ ಕಂಡಿತು. ಮೂವತ್ತು ಬೇಸಿಗೆಯಲ್ಲಿ ಬಾನೆಟ್ಟಿನ ಹಸಿರು ಮಾಗಿತ್ತು. ಎರಡನೇ ಸಲ ಮಡ್‌ಗಾರ್ಡಿನದೇ ಒಂದು ತುಂಡು ಬಿಚ್ಚಿ ಒಯ್ದೆ. ಮೂಲ ಬಣ್ಣಕ್ಕಿಂತ ಈಗಿರುವ ಬಣ್ಣಕ್ಕೆ ಹೊಂದಿಸುವುದೇ ಜಾಣತನ.

ಸೆಪ್ಟೆಂಬರ್ ಕೊನೆಗೆ ಮಳೆ ಬಿಡುವು ಕೊಟ್ಟಿತು. ಆಗ ಪೇಂಟರಿಗೆ ಬಿಡುವಿಲ್ಲ. ಆಯುಧಪೂಜೆಗೆ ಮುಂಚೆ ಊರಿನ ಎಲ್ಲ ಗಾಡಿಗಳಿಗೂ ಬಣ್ಣ ಬೇಕು. ಅಕ್ಟೋಬರ್ 1ರಂದು ನಮ್ಮ ಜೀಪಿಗೆ ಮೂತಿಯಿಲ್ಲದೆಯೇ ಪೂಜೆ ನಡೆಯಿತು. ಅಮ್ಮ ಕುಂಕುಮ ಎಲ್ಲಿ ಇಡುವುದೆಂದು ಒಂದು ಗಳಿಗೆ ಯೋಚಿಸಿ ರೇಡಿಯೇಟರಿನ ತಲೆಗೆ ಇಟ್ಟರು. ನಿಂಬೆಹಣ್ಣನ್ನು ಚಕ್ರಕ್ಕೆ ಇಟ್ಟರೂ ಗಾಡಿ ಹೊರಡುವಂತಿರಲಿಲ್ಲ. ಮಗನೂ ನಾನೂ ಹಿಂದಿನಿಂದ ತಳ್ಳಿ ಹಣ್ಣನ್ನು ಒಡೆಸಿದೆವು.

ಅಕ್ಟೋಬರ್ ಎರಡನೇ ವಾರದಲ್ಲಿ ಎರಡು ದಿನ ಒಣ ಬಿಸಿಲು ಸಿಕ್ಕಿತು. ತೆಳುವಾಗಿ ಪುಟ್ಟಿ, ಅದರ ಮೇಲೆ ಮತ್ತೆ ಪ್ರೈಮರ್, 400 ಮತ್ತು 800 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿದ್ದೇ ಉಜ್ಜಿದ್ದು. ಸೀಳುಗಳ ಅಂಚು ಉಜ್ಜಿ ನನ್ನ ಬೆರಳ ತುದಿ ಸವೆದವು. ಬಣ್ಣ ಹೊಡೆಯುವಾಗ ಪೇಂಟರ್ ಮೊದಲು ಸೀಳುಗಳ ಒಳ ಅಂಚಿಗೆ ಗನ್ ಓರೆಮಾಡಿ ಹೊಡೆದರು, ಕೊನೆಗೆ ಮುಖಕ್ಕೆ. ಮುಖಕ್ಕೆ ಮೊದಲು ಹೊಡೆದರೆ ಅಂಚು ತುಂಬಿಸುವಾಗ ಬಣ್ಣ ಹರಿದು ಗೆರೆಯಾಗುತ್ತದಂತೆ. ಬಣ್ಣದ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಬೀಡಿ ಸೇದುವಷ್ಟು ಸಮಯ, ಆದರೆ ಸೇದುವುದು ಮಾತ್ರ ರಸ್ತೆಯ ಆಚೆ. ಹಾರ್ಡನರ್ ಬೆರೆಸುವ ಈ ಪಿಯು (ಪಾಲಿಯುರೆಥೇನ್) ಬಣ್ಣಗಳ ಮಂಜು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಾಯಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯುವುದಿಲ್ಲ. ಮನೆಯಲ್ಲೇ ಹೊಡೆಯುವ ಹುಮ್ಮಸ್ಸಿದ್ದವರು ಈ ಹಂತವನ್ನು ಪೇಂಟರಿಗೇ ಬಿಡುವುದು ಲೇಸು. ನಮ್ಮ ಪೇಂಟರಿಗೂ ಒಂದು ಒಳ್ಳೆಯ ಮಾಸ್ಕು ಕೊಡಿಸಿದೆ. ಅವರು ಅದನ್ನು ಮೊಳೆಗೆ ನೇತುಹಾಕಿದ್ದಾರೆ.

ಜೋಡಿಸಲು ಕೂತಾಗ ಖುಷಿಯೋ ಖುಷಿ. ಮಿಣುಕುತ್ತಿದ್ದ ಹಳೆಯ ಸೀಲ್ಡ್ ಬೀಮ್, ಅಂದರೆ ಬಲ್ಬು ಒಳಗೇ ಮುಚ್ಚಿಹೋಗಿರುವ ದೀಪಗಳ ಬದಲು ಬಲ್ಬು ಬದಲಿಸಬಹುದಾದ ಏಳಿಂಚಿನ ಎಚ್4 ದೀಪ, 60/55 ವ್ಯಾಟ್ ಬಲ್ಬು, ಬ್ಯಾಟರಿಯಿಂದ ನೇರ ಕರೆಂಟ್ ಎಳೆಯುವ ರಿಲೇ ವೈರಿಂಗ್. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು. ಹಳೆಯ ವೈರು, ಸ್ವಿಚ್ಚುಗಳ ಮೂಲಕ ಹೋಗುವಾಗ ದಾರಿಯಲ್ಲೇ ಸೋರಿಹೋಗುತ್ತಿದ್ದ ವೋಲ್ಟೇಜು ರಿಲೇ ಹಾಕಿದರೆ ದೀಪಕ್ಕೆ ತಲುಪುತ್ತದೆ. ಹೆಚ್ಚು ವ್ಯಾಟಿನ ಬಲ್ಬಿಗಿಂತ ಇದು ಮೇಲು. ಸ್ವಿಚ್ ಒತ್ತಿದೆ. ದೀಪ ಎರಡೂ ಕೆಂಡದಂತೆ ಮಂಕಾಗಿ ಉರಿದವು. ಎಡಗಡೆಯ ಇಂಡಿಕೇಟರ್ ಹಾಕಿದರೆ ಬಲಗಡೆಯದೂ ಅರೆಬರೆ ಮಿನುಗುತ್ತದೆ, ಜೊತೆಗೆ ಪಾರ್ಕಿಂಗ್ ದೀಪ ಕಣ್ಣು ಹೊಡೆಯುತ್ತದೆ. ದೆವ್ವ ಹೊಕ್ಕ ಹಾಗೆ.

ಒಬ್ಬ ಎಲೆಕ್ಟ್ರಿಷಿಯನ್ ಬಂದು ಅರ್ಧ ದಿನ ನೋಡಿ, ರಿಲೇ ಸರಿಯಿಲ್ಲ ಎಂದು 500 ರೂಪಾಯಿ ಪಡೆದು ಹೋದರು. ಹೊಸ ರಿಲೇ ತಂದರೂ ಅದೇ ಕಥೆ. ವೈರಿಗೆ ಚೀಟಿ ಅಂಟಿಸದ ಪಾಪಕ್ಕೆ ನಾನೇ ಎಲ್ಲೋ ತಪ್ಪು ಜೋಡಿಸಿದ್ದೇನೆಂದು ಎರಡು ಸಂಜೆ ಎಲ್ಲವನ್ನೂ ಕಿತ್ತು ಮತ್ತೆ ಹಾಕಿದೆ. ಮೂರನೇ ದಿನ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. “ಅರ್ತ್ ಜಾಗದ ಬಣ್ಣ ಕೆರೆದಿದ್ದೀರಾ ಗೌಡರೇ?” ಎಂದರು.

ಕೆರೆದಿರಲಿಲ್ಲ. ಇಂಥ ಗಾಡಿಗಳಲ್ಲಿ ಕರೆಂಟು ವೈರಿನಲ್ಲಿ ದೀಪಕ್ಕೆ ಬಂದು, ವಾಪಸು ಹೋಗುವುದು ತಗಡಿನ ಮೂಲಕ. ದೀಪದ ಅರ್ತ್ ವೈರು ಶೋಗೆ, ಶೋ ಚಾಸಿಗೆ, ಚಾಸಿ ಬ್ಯಾಟರಿಗೆ. ನಾನು ಪ್ರತಿ ಬೋಲ್ಟಿನ ಜಾಗಕ್ಕೂ ಮುದ್ದಾಗಿ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಹೊಡೆಸಿದ್ದೆ, ಕೆಳಗೆ ಹೊಸ ರಬ್ಬರ್ ಬೇರೆ. ವಾಪಸು ದಾರಿ ಮುಚ್ಚಿದ ಕರೆಂಟು ಸಿಕ್ಕ ಸಿಕ್ಕ ಬಲ್ಬಿನೊಳಗೆ ನುಗ್ಗಿ ಹೊರಬೀಳಲು ನೋಡುತ್ತಿತ್ತು. ಅರ್ತ್ ಬೋಲ್ಟಿನ ಕೆಳಗೆ ನಾಲ್ಕಾಣೆಯಗಲ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದು, ಅದಕ್ಕೆ ಗ್ರೀಸ್ ಹಚ್ಚಿ, ಶೋದಿಂದ ಬ್ಯಾಟರಿಯ ನೆಗೆಟಿವ್‌ಗೆ ಬೇರೆಯೇ ಒಂದು ದಪ್ಪ ವೈರು ಎಳೆದೆ. ಕೊಟ್ಟಿಗೆಯ ಗೋಡೆಯ ಮೇಲೆ ಹಗಲಾಯಿತು. ಐದು ತಿಂಗಳ ಹಿಂದೆ ಬಣ್ಣ ಕೀಳಲು ಬಸ್ಸಿನಲ್ಲಿ ಹಾಸನಕ್ಕೆ ಹೋದವನು, ಹೊಸ ಬಣ್ಣವನ್ನು ಕೈಯಾರೆ ಸ್ಕ್ರೂಡ್ರೈವರಿನಲ್ಲಿ ಕೆರೆಯುವಾಗ ಹೊಟ್ಟೆ ಉರಿಯಿತು.

ಜಾಲರಿಯದು ಇನ್ನೊಂದು ಪಾಠ. ಹುಲ್ಲಿನ ಬೀಜ, ಹುಳುಗಳು ರೇಡಿಯೇಟರಿಗೆ ಹೋಗದಂತೆ ಶೋದ ಹಿಂದೆ ಸ್ಟೀಲ್ ಜಾಲರಿ ಕಟ್ಟಿದ್ದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯಂಥದ್ದು, ನೋಡಲು ಬಲು ಚೆಂದ. ನವೆಂಬರ್ ಮೊದಲ ಭಾನುವಾರ ಧರ್ಮಸ್ಥಳಕ್ಕೆ ಹೋದೆವು. ಇಳಿಯುವಾಗ ಏನೂ ಇಲ್ಲ. ಮರಳುವಾಗ ಚಾರ್ಮಾಡಿ ಘಾಟಿ ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಶಾಖ ತೋರಿಸುವ ಮುಳ್ಳು ಕೆಂಪಿಗೆ ಬಂತು. ತಿರುವಿನಲ್ಲಿ ನಿಲ್ಲಿಸಿ, ತಣ್ಣಗಾಗಲು ಮುಕ್ಕಾಲು ಗಂಟೆ ಕಾದೆವು. ಅಮ್ಮ ಪ್ರಸಾದದ ಪೊಟ್ಟಣ ಬಿಚ್ಚಿದರು, ಕೋತಿಗಳು ಬಂದವು. ಅಷ್ಟು ಸಣ್ಣ ಕಣ್ಣಿನ ಜಾಲರಿಯಲ್ಲಿ ಗಾಳಿ ಎಲ್ಲಿಂದ ನುಗ್ಗಬೇಕು? ಕಟ್ಟಿದ ಟೈಗಳನ್ನು ಚಾಕುವಿನಿಂದ ಕತ್ತರಿಸಿ ಜಾಲರಿ ಕಿತ್ತು ಹಿಂದಿನ ಸೀಟಿಗೆ ಎಸೆದೆ. ಕೊಟ್ಟಿಗೆಹಾರ ಮುಟ್ಟುವವರೆಗೆ ಮುಳ್ಳು ಮತ್ತೆ ಮೇಲೇಳಲಿಲ್ಲ. ಈಗ ಕಿರುಬೆರಳು ತೂರುವಷ್ಟು, ಸುಮಾರು 10 ಮಿ.ಮೀ. ಕಣ್ಣಿನ ಜಾಲರಿ ಹಾಕಿದ್ದೇನೆ. ಸಣ್ಣ ಹುಳು ಬಂದರೆ ಬರಲಿ.

ಖರ್ಚು ಕೇಳುವವರಿಗೆ: ಮರಳು ಹೊಡೆತ 900, ಬಸ್ಸು ಮತ್ತು ಲಗೇಜು 600, ವೆಲ್ಡಿಂಗ್ 2,200, ಪ್ರೈಮರ್-ಪುಟ್ಟಿ-ಪೇಪರ್ 2,350, ಬಣ್ಣ ಮತ್ತು ಅದರ ಸಾಮಾನು 2,600, ಪೇಂಟರ್ ಕೂಲಿ 4,000, ದೀಪಗಳು 1,900, ರಿಲೇ ವೈರಿಂಗ್ 850, ಎರಡು ಜಾಲರಿ 950, ರಬ್ಬರು-ಬೋಲ್ಟು 420, ಕೂಲೆಂಟ್ ಮತ್ತು ಒಂದು ಹೋಸ್ 1,500, ದಂಡಕ್ಕೆ ಹೋದ ಎಲೆಕ್ಟ್ರಿಷಿಯನ್ 500. ಒಟ್ಟು 18,770. ಪಿಕಪ್ ಬಾಡಿಗೆ 7,200 ಸೇರಿದರೆ 25,970. ಬೇಡದಿದ್ದ ರಿಲೇಯನ್ನು ಅಂಗಡಿಯವನು ವಾಪಸು ಪಡೆದ, ಪುಣ್ಯಾತ್ಮ. 5,500ರ ಹೊಸ ಶೋ ತಂದಿದ್ದರೂ ಬಣ್ಣ, ದೀಪಗಳ ಖರ್ಚು ತಪ್ಪುತ್ತಿರಲಿಲ್ಲ, ಆದರೆ ಮಳೆಗಾಲವೊಂದು ಉಳಿಯುತ್ತಿತ್ತು. ಅವಸರದವರು ಅದನ್ನೇ ತನ್ನಿ, ನಾನು ಬೇಡವೆನ್ನುವುದಿಲ್ಲ.

ಮೊನ್ನೆ ಬೆಳಿಗ್ಗೆ ಜೀಪು ಒರೆಸುತ್ತಿದ್ದಾಗ ಬಲಗಡೆಯ ದೀಪದ ಬಳಿ ಗುಂಯ್ ಎಂಬ ಸದ್ದು. ಬಾನೆಟ್ ಎತ್ತಿ ನೋಡಿದೆ. ಹೊಸ ಹಸಿರಿನ ಮೇಲೆ ಕಡಲೆಕಾಳಿನಷ್ಟು ಒದ್ದೆ ಮಣ್ಣು. ಕಣಜ ಇನ್ನೊಂದು ಉಂಡೆ ತರಲು ಹೋಗಿತ್ತು.